ಗ್ರಾಮೀಣಾಭಿವೃದ್ಧಿ ಅನುದಾನ ನಿರ್ವಹಣೆ: ಭಾರತ ಮತ್ತು ಕರ್ನಾಟಕ

ಗ್ರಾಮೀಣ ಪ್ರದೇಶಗಳ ಆರ್ಥಿಕಾಭಿವೃದ್ಧಿಗೆಂದು ಸರ್ಕಾರವು ಮರಳಿ ಪಡೆಯುವ ಉದ್ದೇಶವಿಲ್ಲದೆ, ಆದರೆ ಬಳಕೆಯ ಷರತ್ತುಗಳನ್ನು ವಿಧಿಸಿ ಕೊಡುವ ಹಣವನ್ನು ಹಂಚುವ, ಬಿಡುಗಡೆ ಮಾಡುವ, ಖರ್ಚಿನ ಮೇಲೆ ನಿಗಾ ಇಡುವ ಮತ್ತು ಲೆಕ್ಕ ಒಪ್ಪಿಸುವ ಕಾರ್ಯಗಳೆಲ್ಲವನ್ನೂ ಒಟ್ಟಾಗಿ ಅನುದಾನ ನಿರ್ವಹಣೆ ಎನ್ನುತ್ತಾರೆ. ಸಾಲದ ಸಾಫಲ್ಯವನ್ನು ವಸೂಲಾತಿಯಿಂದ ಅಳೆಯಬಹುದು. ಅನುದಾನಕ್ಕೆ ಅಂಥ ಅಳತೆ ಇಲ್ಲದಿರುವುದರಿಂದ, ಹಣವು ಉದ್ದೇಶಿತ ಕೆಲಸಕ್ಕೇ ಸಂದಿತು ಎಂಬುದಕ್ಕೆ ಕಾಗದಪತ್ರವೇ ಮುಖ್ಯ ಸಾಕ್ಷಿಯಾಗುತ್ತದೆ. ಆ ಸಾಕ್ಷಿಯನ್ನು ಯಾರು ಬರೆಯಬೇಕು, ಹಣ ಯಾವ ಖಾತೆಯ ಮೂಲಕ ಹರಿಯಬೇಕು ಎಂಬ ಎರಡು ಪ್ರಶ್ನೆಗಳ ಸುತ್ತಲೇ ಈ ಕ್ಷೇತ್ರದ ಇತಿಹಾಸ ಬೆಳೆದುಬಂದಿದೆ.

ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಸ್ಥಾಪನೆಯಾದ ಆರ್ಥಿಕ ಸಮ್ಮೇಳನವು ಕೃಷಿ, ಶಿಕ್ಷಣ, ಕೈಗಾರಿಕೆಗಳ ಪ್ರಗತಿಯನ್ನು ಸರ್ಕಾರದ ಯೋಜಿತ ಕೆಲಸವನ್ನಾಗಿ ಕಂಡ ಆರಂಭಿಕ ಪ್ರಯತ್ನವಾಗಿತ್ತು. ಬ್ರಿಟಿಷ್ ಭಾರತದಲ್ಲಿ ಹಣಕಾಸು ಸದಸ್ಯ ಜೇಮ್ಸ್ ಗ್ರಿಗ್ 1935ರ ಬಜೆಟ್ಟಿನಲ್ಲಿ ಗ್ರಾಮಗಳ ಆರ್ಥಿಕ ಸುಧಾರಣೆಗೆಂದು 1 ಕೋಟಿ ರೂಪಾಯಿಯನ್ನು ತೆಗೆದಿರಿಸಿ ಪ್ರಾಂತಗಳಿಗೆ ಹಂಚಿದರು. ಮೊತ್ತ ಚಿಕ್ಕದಾದರೂ, ಕೇಂದ್ರವು ಉದ್ದೇಶವನ್ನು ಹೇಳುವುದು, ಪ್ರಾಂತವು ಯೋಜನೆ ಹಾಕಿ ಖರ್ಚು ಮಾಡುವುದು ಎಂಬ ಶ್ರಮವಿಭಜನೆ ಆಗಲೇ ಕಾಣಿಸಿಕೊಂಡಿತ್ತು.

ಸ್ವಾತಂತ್ರ್ಯಾನಂತರ, 1952ರ ಅಕ್ಟೋಬರ್ 2ರಂದು 55 ಕ್ಷೇತ್ರಗಳಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು ಬ್ಲಾಕ್ ಎಂಬ ಆಡಳಿತ ಘಟಕವನ್ನೂ, ಬಿ.ಡಿ.ಒ. ಎಂದೇ ಹಳ್ಳಿಗರಿಗೆ ಪರಿಚಿತರಾದ ಬ್ಲಾಕ್ ಅಭಿವೃದ್ಧಿ ಅಧಿಕಾರಿಯನ್ನೂ, ಅವರ ಕೈಕೆಳಗೆ ಗ್ರಾಮಸೇವಕರನ್ನೂ ತಂದಿತು. ಕಾಮಗಾರಿಯ ವೆಚ್ಚದ ಒಂದು ಪಾಲನ್ನು ಜನರು ಹಣವಾಗಿಯೋ ಶ್ರಮದಾನವಾಗಿಯೋ ಭರಿಸಬೇಕೆಂಬ ಅಪೇಕ್ಷೆಯೂ ಇದರೊಡನೆ ಬಂತು. ಜನರ ಭಾಗವಹಿಸುವಿಕೆ ಸಾಲದೆಂದು 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ವರದಿ ಮಾಡಿದ ಮೇಲೆ ಚುನಾಯಿತ ಸಂಸ್ಥೆಗಳ ಮಾತು ಬಲಗೊಂಡು, 1959ರಲ್ಲಿ ಮೈಸೂರು ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಅಧಿನಿಯಮ ಬಂದರೂ, ಹಣದ ಹಿಡಿತ ಬಹುಮಟ್ಟಿಗೆ ಇಲಾಖೆಗಳಲ್ಲೇ ಉಳಿಯಿತು.

ವ್ಯಕ್ತಿ ಅಥವಾ ಕುಟುಂಬವನ್ನೇ ಫಲಾನುಭವಿಯೆಂದು ಗುರುತಿಸಿ ನೆರವು ಕೊಡುವ ಪದ್ಧತಿ ವ್ಯಾಪಕವಾದದ್ದು 1978-79ರಲ್ಲಿ ಶುರುವಾಗಿ 1980ರ ಅಕ್ಟೋಬರ್ 2ರಂದು ದೇಶದ ಎಲ್ಲ ಬ್ಲಾಕುಗಳಿಗೂ ಹಬ್ಬಿದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದಿಂದ. ಇದರಲ್ಲಿ ಬ್ಯಾಂಕ್ ಸಾಲದ ಜೊತೆಗೆ ಸಹಾಯಧನ, ಜನರ ಬಾಯಲ್ಲಿ ಸಬ್ಸಿಡಿ, ಸೇರಿರುತ್ತಿತ್ತು: ಸಣ್ಣ ರೈತರಿಗೆ ಘಟಕ ವೆಚ್ಚದ ಶೇ. 25, ಅತಿಸಣ್ಣ ರೈತರಿಗೂ ಕೃಷಿ ಕಾರ್ಮಿಕರಿಗೂ ಮೂರನೆಯ ಒಂದು ಭಾಗ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 50. ಇದನ್ನು ನಡೆಸಲು ಪ್ರತಿ ಜಿಲ್ಲೆಯಲ್ಲೂ ಸಂಘವಾಗಿ ನೋಂದಾಯಿತವಾದ ಜಿಲ್ಲಾ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಖಾತೆಗೆ ಕೇಂದ್ರದ ಪಾಲು ನೇರವಾಗಿ ಜಮೆಯಾಗುತ್ತಿತ್ತು. ಖಜಾನೆಯ ವಿಳಂಬ ತಪ್ಪಿದ್ದು ನಿಜ. ಆದರೆ ರಾಜ್ಯದ ಲೆಕ್ಕಪುಸ್ತಕದಿಂದ ಹೊರಗುಳಿದ ಹಣದ ಮೇಲೆ ಶಾಸನಸಭೆಯ ಕಣ್ಣೂ ಅಷ್ಟರಮಟ್ಟಿಗೆ ಮಂಕಾಯಿತು. ಎಮ್ಮೆಯನ್ನೋ ಹೊಲಿಗೆ ಯಂತ್ರವನ್ನೋ ಕೊಂಡದ್ದಕ್ಕೆ ರಸೀದಿ ಇದ್ದರೆ ಗುರಿ ಮುಟ್ಟಿದಂತೆ ಎಂದು ಎಣಿಸುವ ರೂಢಿ, ಆ ಆಸ್ತಿಯಿಂದ ಕುಟುಂಬದ ಆದಾಯ ಹೆಚ್ಚಿತೇ ಎಂಬ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿದ್ದು ಈ ಅವಧಿಯ ದೊಡ್ಡ ಕೊರತೆ. 1999ರ ಏಪ್ರಿಲ್ 1ರಂದು ಇದು ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ವಿಲೀನವಾಗಿ ಸ್ವಸಹಾಯ ಗುಂಪುಗಳತ್ತ ಹೊರಳಿತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಅದರ ಸ್ಥಾನಕ್ಕೆ ಬಂದು, ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರಿನಿಂದ ನಡೆಯುತ್ತಿದೆ.

ಕರ್ನಾಟಕದ ವಿಶಿಷ್ಟ ಅಧ್ಯಾಯವು 1983ರ ಪಂಚಾಯತಿ ಅಧಿನಿಯಮದ್ದು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಈ ವ್ಯವಸ್ಥೆಯಡಿ 1987ರ ಜನವರಿಯಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಸ್ತಿತ್ವಕ್ಕೆ ಬಂದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು. ಜಿಲ್ಲಾಧಿಕಾರಿಗಿಂತ ಹಿರಿಯರಾದ ಐ.ಎ.ಎಸ್. ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿಯಾಗಿ ಅದರ ಕೈಕೆಳಗೆ ಬಂದರು. ಜಿಲ್ಲಾ ಗ್ರಾಮೀಣಾಭಿವೃದ್ಧಿ ಸಂಸ್ಥೆಯೂ ಪರಿಷತ್ತಿನೊಳಗೆ ಸೇರಿತು. ಯೋಜನೆಗಳನ್ನು ರಾಜ್ಯ ವಲಯ, ಜಿಲ್ಲಾ ವಲಯ ಎಂದು ವಿಂಗಡಿಸಿ, ಜಿಲ್ಲೆಗೆ ಸಿಗುವ ಮೊತ್ತವನ್ನು ಲೆಕ್ಕಶೀರ್ಷಿಕೆಗಳ ಪ್ರಕಾರ ತೋರಿಸುವ ‘ಲಿಂಕ್ ಡಾಕ್ಯುಮೆಂಟ್’ ಎಂಬ ಬಜೆಟ್ ಅನುಬಂಧವೂ ರೂಢಿಗೆ ಬಂತು. ಹಣ ಎಷ್ಟು ಬರುತ್ತದೆಂಬುದು ಮೊದಲೇ ತಿಳಿಯುವುದು ಯಾವ ಯೋಜನಾಕಾರನಿಗೂ ದೊಡ್ಡ ಉಪಕಾರ. ಆದರೆ ಅದೇ ದಾಖಲೆಯಲ್ಲಿ ಬಹುಪಾಲು ಮೊತ್ತವು ಶಿಕ್ಷಕರ ಮತ್ತು ಇತರ ನೌಕರರ ಸಂಬಳಕ್ಕೆ ಮೀಸಲಾಗಿದ್ದು, ಒಂದು ಶೀರ್ಷಿಕೆಯ ಹಣವನ್ನು ಮತ್ತೊಂದಕ್ಕೆ ತಿರುಗಿಸುವ ಸ್ವಾತಂತ್ರ್ಯ ಕಡಿಮೆಯಿದ್ದುದರಿಂದ, ಪರಿಷತ್ತು ಹೆಸರಿಗೆ ಶ್ರೀಮಂತವಾಗಿಯೂ ಕೈಯಲ್ಲಿ ಬಡವಾಗಿಯೂ ಇರಬೇಕಾಯಿತು.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ನಂತರ ಅನುದಾನಕ್ಕೆ ಎರಡು ಹೊಸ ಮೂಲಗಳು ಖಚಿತವಾದವು: ಐದು ವರ್ಷಕ್ಕೊಮ್ಮೆ ರಚನೆಯಾಗುವ ರಾಜ್ಯ ಹಣಕಾಸು ಆಯೋಗದ ಶಿಫಾರಸು ಮತ್ತು ಕೇಂದ್ರ ಹಣಕಾಸು ಆಯೋಗದ ನೆರವು. ಕರ್ನಾಟಕದ ಮೊದಲ ಆಯೋಗವು, ಸಾಲೇತರ ಸ್ವಂತ ರಾಜಸ್ವದ ಶೇ. 36ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಸಲ್ಲಬೇಕೆಂದೂ ಅದರಲ್ಲಿ ಶೇ. 85 ಗ್ರಾಮೀಣ ಸಂಸ್ಥೆಗಳ ಪಾಲೆಂದೂ ಸೂಚಿಸಿತು. ಹಂಚಿಕೆಯ ನ್ಯಾಯವನ್ನು ಪ್ರಾದೇಶಿಕ ಅಸಮತೋಲನದ ದೃಷ್ಟಿಯಿಂದ ನೋಡಿದ್ದು ಡಿ.ಎಂ. ನಂಜುಂಡಪ್ಪ ಸಮಿತಿ, ಅದರ 2002ರ ವರದಿಯು ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ವರ್ಗೀಕರಿಸಿತು. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯಡಿ ಪ್ರತ್ಯೇಕ ಮಂಡಳಿಯೂ ಅನುದಾನವೂ ದೊರೆತದ್ದು ಅದರ ನಂತರದ ಬೆಳವಣಿಗೆ.

14ನೆಯ ಹಣಕಾಸು ಆಯೋಗವು 2015-20ರ ಅವಧಿಗೆ ದೇಶದ ಗ್ರಾಮ ಪಂಚಾಯತಿಗಳಿಗೆ 2,00,292 ಕೋಟಿ ರೂಪಾಯಿಯನ್ನು ಶಿಫಾರಸು ಮಾಡಿ, ಮೇಲಿನ ಎರಡು ಹಂತಗಳಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳನ್ನು ಬಿಟ್ಟಿತು; 15ನೆಯ ಆಯೋಗವು ಮೂರೂ ಹಂತಗಳನ್ನು ಮತ್ತೆ ಸೇರಿಸಿ, 2021-26ಕ್ಕೆ ಸೂಚಿಸಿದ 2,36,805 ಕೋಟಿಯಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸುವ ನಿರ್ಬಂಧಿತ ಅನುದಾನವಾಗಿಸಿತು. ಹೀಗಾಗಿ ಸಂತೆಕಟ್ಟೆ, ಗೋದಾಮುಗಳಂಥ ನೇರ ಆರ್ಥಿಕ ಚಟುವಟಿಕೆಗೆ ಪಂಚಾಯತಿಯು ಉಳಿದ ಶೇ. 40ರ ಅನಿರ್ಬಂಧಿತ ಭಾಗವನ್ನೋ ಸ್ವಂತ ಸಂಪನ್ಮೂಲವನ್ನೋ ಇತರ ಯೋಜನೆಗಳನ್ನೋ ನೆಚ್ಚಬೇಕಾಯಿತು.

ಹಣದ ಹಾದಿಯೂ ಒಂದು ಸುತ್ತು ತಿರುಗಿತು. ಸಂಘಗಳ ಖಾತೆಗೆ ನೇರ ವರ್ಗಾವಣೆ 2014ರ ಏಪ್ರಿಲ್‌ನಿಂದ ನಿಂತು, ಕೇಂದ್ರ ಪುರಸ್ಕೃತ ಯೋಜನೆಗಳ ಪಾಲು ರಾಜ್ಯದ ಸಂಚಿತ ನಿಧಿಯ ಮೂಲಕ ಬರತೊಡಗಿತು. 2021ರ ಜುಲೈ 1ರಿಂದ ಪ್ರತಿ ಯೋಜನೆಗೂ ರಾಜ್ಯದಲ್ಲಿ ಒಂದೇ ನೋಡಲ್ ಸಂಸ್ಥೆ, ಒಂದೇ ಮುಖ್ಯ ಬ್ಯಾಂಕ್ ಖಾತೆ ಎಂಬ ನಿಯಮ ಬಂತು. ಕೆಳಗಿನ ಖಾತೆಗಳಲ್ಲಿ ಖರ್ಚಾಗದೆ ಕೂಡಿಕೊಳ್ಳುತ್ತಿದ್ದ ಹಣವನ್ನು ತಡೆಯುವುದು ಇದರ ಗುರಿ.

ಈ ಬದಲಾವಣೆಗಳ ಭಾರ ಬಿದ್ದದ್ದು ಕೊನೆಯ ಮೆಟ್ಟಿಲಿನ ಮೇಲೆ. ಗ್ರಾಮಸಭೆಯ ಆಯ್ಕೆಯಿಂದ ಕ್ರಿಯಾ ಯೋಜನೆ, ಅದಕ್ಕೆ ಅನುಮೋದನೆ, ಎಂಜಿನಿಯರರ ಅಂದಾಜುಪಟ್ಟಿ, ಕಾಮಗಾರಿ ಮುಗಿದ ಮೇಲೆ ಅಳತೆ ಪುಸ್ತಕ, ಬಿಲ್ಲು, ಪಾವತಿ, ಕಡೆಗೆ ಹಣ ಬಳಕೆ ಪ್ರಮಾಣಪತ್ರ ಎಂಬ ಸರಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮುಂದಿನ ಕಂತು ತಡೆಯಬಹುದು. ಜಮಾ-ಖರ್ಚಿನ ಸರಳ ಲೆಕ್ಕದ ಬದಲು ಆಸ್ತಿ ಮತ್ತು ಹೊಣೆಗಳನ್ನೂ ತೋರಿಸುವ ಜೋಡಿ ನಮೂದು ಪದ್ಧತಿಯನ್ನು 2006ರ ನಿಯಮಗಳು ಕರ್ನಾಟಕದ ಗ್ರಾಮ ಪಂಚಾಯತಿಗಳಿಗೆ ತಂದವು; ಪಂಚತಂತ್ರ ತಂತ್ರಾಂಶವೂ, 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮ್‌ಸ್ವರಾಜ್ ಜಾಲತಾಣವೂ ಅದನ್ನು ಗಣಕೀಕರಿಸಿದವು. ಈ ಕೆಲಸಕ್ಕೆ ಪದವೀಧರ ನೌಕರರು ಬೇಕೆಂಬ ಅರಿವಿನಿಂದಲೇ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿ.ಡಿ.ಒ. ಹುದ್ದೆ ಸೃಷ್ಟಿಯಾಯಿತು. ಹಣಕಾಸು ಆಯೋಗದ ಅನುದಾನವನ್ನು ಪಾವತಿಸಲು ಈಗ ಚುನಾಯಿತ ಅಧ್ಯಕ್ಷರದೂ ಪಿ.ಡಿ.ಒ. ಅವರದೂ ಡಿಜಿಟಲ್ ಸಹಿ ಬೇಕಾಗುತ್ತದೆ. ಇಬ್ಬರಿಗೂ ಬೇಕಾದ ತರಬೇತಿಯ ಮುಖ್ಯ ಹೊಣೆ, ಮೈಸೂರಿನಲ್ಲಿರುವ ಮತ್ತು ನಜೀರ್ ಸಾಬರ ಹೆಸರನ್ನೇ ಹೊತ್ತಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯದಾಗಿದೆ.