ಗೋವೆಯಲ್ಲಿ ಪೋರ್ಚುಗೀಸ್ ಅಧ್ಯಾಪನ

ಗೋವೆಯಲ್ಲಿ ಪೋರ್ಚುಗೀಸ್ ಕಲಿಸುವ ವೃತ್ತಿಯು ಮೊದಲು ಚರ್ಚಿನ, ಅನಂತರ ಸರ್ಕಾರದ ಆಶ್ರಯದಲ್ಲಿ ಬೆಳೆದದ್ದು. 1684ರಲ್ಲಿ ವೈಸರಾಯ್ ಕೊಂದೆ ದ ಆಲ್ವೋರ್, ಮೂರು ವರ್ಷಗಳೊಳಗೆ ಎಲ್ಲರೂ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸಿನಲ್ಲೇ ವ್ಯವಹರಿಸಬೇಕೆಂದು ಆಜ್ಞೆ ಹೊರಡಿಸಿದನಾದರೂ ಮನೆಮಾತು ಅಳಿಯಲಿಲ್ಲ. 1854ರಲ್ಲಿ ಪಣಜಿಯಲ್ಲಿ ಆರಂಭವಾದ ಲೈಸಿಯು, ಅಂದರೆ ಸರ್ಕಾರಿ ಪ್ರೌಢಶಾಲೆ, ಕಚೇರಿಯ ನೌಕರಿಗೂ ವೈದ್ಯಶಾಲೆಯ ಪ್ರವೇಶಕ್ಕೂ ಬೇಕಾದ ಭಾಷೆಯನ್ನು ಮೇಲ್ವರ್ಗದ ಕೆಲವರಿಗೆ ಒದಗಿಸಿತು. ಮರುವರ್ಷ ಆಡಳಿತದ ಮುಖ್ಯ ಕಾರ್ಯದರ್ಶಿಯಾಗಿ ಬಂದ ಕುನ್ಯಾ ರಿವಾರಾ 1858ರಲ್ಲಿ ಕೊಂಕಣಿಯ ಚರಿತ್ರೆಯನ್ನು ಕುರಿತು ಪ್ರಬಂಧ ಪ್ರಕಟಿಸಿ, ಜನರ ನುಡಿಯನ್ನು ತುಳಿದ ಹಳೆಯ ನೀತಿಯನ್ನು ಖಂಡಿಸಿದನು. ಆಳುವವರ ಪಾಳೆಯದಿಂದಲೇ ಬಂದ ಈ ಮಾತಿಗೆ ವಿಶೇಷ ತೂಕವಿದೆ.

1961ರ ಡಿಸೆಂಬರ್ 19ರಂದು ಗೋವೆ ಭಾರತಕ್ಕೆ ಸೇರಿದ ಮೇಲೆ ಶಾಲೆಗಳು ಇಂಗ್ಲಿಷ್ ಮತ್ತು ಮರಾಠಿಯತ್ತ ಹೊರಳಿದವು. 1974ರ ಕೊನೆಯಲ್ಲಿ ಭಾರತ ಮತ್ತು ಪೋರ್ಚುಗಲ್‌ಗಳ ರಾಜತಾಂತ್ರಿಕ ಸಂಬಂಧ ಮತ್ತೆ ಕುದುರಿತು. 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಪೋರ್ಚುಗೀಸಿನ ಸ್ನಾತಕೋತ್ತರ ಬೋಧನೆಗೆ ಅಲ್ಲಿ ನೆಲೆ ದೊರೆಯಿತು. ಅಧಿಕಾರದ ನೆರಳು ಸರಿದ ಮೇಲೆ ಈ ಅಧ್ಯಾಪನಕ್ಕೆ ದಕ್ಕಿದ ಹೊಸ ಹೊಣೆಗಳಲ್ಲಿ ಅತಿ ದೊಡ್ಡದು ಪಣಜಿಯ ಪತ್ರಾಗಾರದ ದಾಖಲೆಗಳನ್ನು ಓದಬಲ್ಲವರನ್ನು ತಯಾರು ಮಾಡುವುದು.

ಆ ಓದು ಸುಲಭದ್ದಲ್ಲ. ಮಾನ್ಸೂನ್ ಪುಸ್ತಕಗಳೆಂದು ಹೆಸರಾದ, ಮಳೆಗಾಲದ ಗಾಳಿಯನ್ನು ನೆಚ್ಚಿ ಸಾಗುತ್ತಿದ್ದ ಹಡಗುಗಳಲ್ಲಿ ಲಿಸ್ಬನ್ ಮತ್ತು ಗೋವೆಗಳ ನಡುವೆ ಓಡಾಡಿದ ಪತ್ರಗಳ ಸಂಪುಟಗಳಲ್ಲಿ ಹ್ರಸ್ವರೂಪಗಳು ದಟ್ಟವಾಗಿದ್ದು, ಕಾಗುಣಿತ ಪುಟದಿಂದ ಪುಟಕ್ಕೆ ಬದಲಾಗುತ್ತದೆ. ಇಂದಿನ ಪೋರ್ಚುಗೀಸನ್ನು ನಿರರ್ಗಳವಾಗಿ ಆಡುವವರೂ ಹಳೆಯ ಕೈಬರಹವನ್ನು ಓದುವ ಲಿಪಿಶಾಸ್ತ್ರವನ್ನು ಬೇರೆಯಾಗಿಯೇ ಕಲಿಯಬೇಕು. ಓನೋರ್ ಎಂದರೆ ಹೊನ್ನಾವರ, ಬಾರ್ಸೆಲೋರ್ ಎಂದರೆ ಬಸರೂರು ಎಂದು ಗುರುತಿಸಲು ಕರಾವಳಿಯ ಪರಿಚಯವೂ ಇರಬೇಕು. ಬಸರೂರಿನಿಂದ ಗೋವೆಗೆ ಹೋಗುತ್ತಿದ್ದ ಅಕ್ಕಿ, ಕೆಳದಿಯ ನಾಯಕರೊಡನೆ ಆದ ಒಪ್ಪಂದಗಳು, 1654ರ ಹೊತ್ತಿಗೆ ಶಿವಪ್ಪನಾಯಕನು ಪೋರ್ಚುಗೀಸರಿಂದ ಕಿತ್ತುಕೊಂಡ ಕೋಟೆಗಳು, ಇವೆಲ್ಲವನ್ನೂ ತಿಳಿಯಲು ಪೋರ್ಚುಗೀಸ್ ದಾಖಲೆಗಳು ಅತ್ಯಗತ್ಯ.

ಕನ್ನಡಿಗರಿಗೆ ಈ ವಿದ್ಯೆಯ ಋಣ ಹೊಸದಲ್ಲ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಯಸ್ ಮತ್ತು ಅನಂತರ ಬಂದ ನ್ಯೂನಿಜ್ ಇವರ ವೃತ್ತಾಂತಗಳು ಪ್ಯಾರಿಸಿನ ಗ್ರಂಥಾಲಯವೊಂದರ ಹಸ್ತಪ್ರತಿಯಲ್ಲಿ ಉಳಿದಿದ್ದವು. ಲಿಸ್ಬನ್ನಿನ ವಿದ್ವಾಂಸ ಡೇವಿಡ್ ಲೋಪೆಸ್ ಅವುಗಳನ್ನು ಸಂಪಾದಿಸಿ 1897ರಲ್ಲಿ ಅಚ್ಚು ಹಾಕಿಸಿದುದರಿಂದಲೇ, ರಾಬರ್ಟ್ ಸಿವೆಲ್ ಅವುಗಳ ಇಂಗ್ಲಿಷ್ ಅನುವಾದವನ್ನು 1900ರ ತನ್ನ ಗ್ರಂಥದಲ್ಲಿ ಸೇರಿಸಲು ಸಾಧ್ಯವಾಯಿತು. ಹಂಪಿಯ ಮಹಾನವಮಿ ಉತ್ಸವದ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಈ ದಾರಿಯಲ್ಲೇ ಬಂದುದು. ಕೆಳದಿ, ಸೋದೆ, ಬಸರೂರುಗಳ ಚರಿತ್ರೆಯನ್ನು ಕೈಗೆತ್ತಿಕೊಳ್ಳುವ ಕರ್ನಾಟಕದ ಸಂಶೋಧನ ವಿದ್ಯಾರ್ಥಿಗಳು ಅನುವಾದಗಳಿಗೇ ತೃಪ್ತರಾಗದೆ ಒಂದೆರಡು ವರ್ಷ ಈ ಭಾಷೆಯನ್ನು ಕಲಿಯಬೇಕು, ನಮ್ಮ ವಿಶ್ವವಿದ್ಯಾಲಯಗಳು ಅದಕ್ಕೆ ಸಹಾಯಧನ ಒದಗಿಸಬೇಕು.