ಹಡಗಿನ ಅವಸಾನವೂ ಕಬ್ಬಿಣದ ಪುನರ್ಜನ್ಮವೂ

ಬೆಳಗಾವಿಯು ಕಡಲ ತೀರದ ನಗರವಲ್ಲ. ಆದರೂ ಖಾನಾಪುರ ತಾಲೂಕಿನ ಲೋಂಢಾದಿಂದ ಘಟ್ಟವಿಳಿಯುವ ರೈಲುದಾರಿಯು ಈ ಸೀಮೆಯನ್ನು ಮುರಗಾಂವ ಬಂದರಕ್ಕೆ ಜೋಡಿಸಿದೆ. ಕಬ್ಬಿಣದ ಕಸುಬೂ ಇಲ್ಲಿಯವರಿಗೆ ಹೊಸತಲ್ಲ. ೧೮೮೮ರಲ್ಲಿ ಇಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲು ಮಾಡಿದರು. ೧೯೧೦ರಲ್ಲಿ ಅವರ ಕಾರಖಾನೆಯು ಔಂಧ ಸಂಸ್ಥಾನದ ಕುಂಡಲದ ಬಳಿಗೆ ಹೋಯಿತಾದರೂ ಎರಕದ ಕಸುಬು ಊರನ್ನು ಬಿಡಲಿಲ್ಲ. ಉದ್ಯಮಬಾಗವೇ ಅದಕ್ಕೆ ಸಾಕ್ಷಿ. ಕುಲುಮೆಯು ತನ್ನೊಳಗೆ ಬಿದ್ದ ಹಳೆಯ ಕಬ್ಬಿಣದ ಕುಲಗೋತ್ರಗಳನ್ನು ಕೇಳುವದಿಲ್ಲ, ಇತಿಹಾಸವಾದರೋ ಕೇಳಲೇಬೇಕು.

ಹಳೆಯ ಕಬ್ಬಿಣದ ದೊಡ್ಡ ಗಣಿಗಳಲ್ಲಿ ಮುದಿ ಹಡಗೂ ಒಂದು. ಎರಡನೆಯ ಮಹಾಯುದ್ಧದ ತರುವಾಯ ಹಡಗೊಡೆಯುವ ಉದ್ಯೋಗವು ಯೂರೋಪಿನಿಂದ ಮೆಲ್ಲನೆ ಸರಿದು ತೈವಾನಕ್ಕೂ, ಅನಂತರ ಗಡಾನಿ, ಚಿತ್ತಗಾಂವ, ಆಲಂಗಗಳ ದಂಡೆಗೂ ಬಂದಿತು. ಗುಜರಾಥದ ಆಲಂಗದಲ್ಲಿ ಮೊದಲ ಹಡಗು ದಡವೇರಿದ್ದು ೧೯೮೩ರಲ್ಲಿ. ಅಲ್ಲಿ ಭರತವು ಬಹಳ ಎತ್ತರ, ದಂಡೆಯ ಇಳಿಜಾರು ಅತಿ ಮೆಲ್ಲ. ಆದುದರಿಂದ ಭರತದೊಡನೆ ಓಡಿಬಂದ ಹಡಗು ಇಳಿತದಲ್ಲಿ ಕೆಸರಿನ ಮೇಲೆ ಕೂತುಬಿಡುತ್ತದೆ. ಬೆಲೆಬಾಳುವ ಹಡಗುಕಟ್ಟೆ ಬೇಕಿಲ್ಲ. ಉರಿಯಿಂದ ಕೊಯ್ದ ತಗಡುಗಳು ಸಲಾಕೆಗಳಾಗಿ ಮನೆ ಕಟ್ಟುವವರ ಕೈ ಸೇರುತ್ತವೆ.

ಈ ಅಗ್ಗಕ್ಕೆ ಬೆಲೆ ತೆತ್ತವರು ಒಡಿಶಾ, ಬಿಹಾರ, ಉತ್ತರಪ್ರದೇಶಗಳ ಕೂಲಿಕಾರರು. ಎಣ್ಣೆಯ ತೊಟ್ಟಿಯಲ್ಲುಳಿದ ಆವಿ ಸಿಡಿಯುವದು. ಕಲ್ನಾರಿನ ಧೂಳು ಪುಪ್ಪುಸವನ್ನು ಸೇರುವದು. ೨೦೦೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಟ್ಟಳೆ ವಿಧಿಸಿತು. ೨೦೧೯ರಲ್ಲಿ ಭಾರತವು ಕಾಯಿದೆ ಮಾಡಿತು. ೨೦೦೯ರ ಹಾಂಗ್‌ಕಾಂಗ್ ಒಪ್ಪಂದವು ಜಾರಿಗೆ ಬಂದದ್ದು ಹದಿನಾರು ವರುಷಗಳ ಮೇಲೆ, ೨೦೨೫ರ ಜೂನ ೨೬ರಂದು. ಕಬ್ಬಿಣಕ್ಕೆ ಪುನರ್ಜನ್ಮವುಂಟು, ಅದನ್ನು ಕೊಯ್ದು ಸತ್ತವನಿಗಿಲ್ಲ. ಕಬ್ಬಿಣವನ್ನು ತೂಕಕ್ಕೆ ಕೊಳ್ಳುವ ಊರುಗಳೆಲ್ಲ ಇದನ್ನೂ ಲೆಕ್ಕದಲ್ಲಿ ಹಿಡಿಯತಕ್ಕದ್ದು.