ಸಂಶ್ರಯ ಮತ್ತು ಸಮವಾಯ: ಲೋಕವ್ಯವಸ್ಥೆಯಲ್ಲಿ ನವೋದಿತ ರಾಷ್ಟ್ರಗಳ ಒಕ್ಕೂಟಗಳು

ಬಲಹೀನನಾದ ಅರಸನು ಬಲಿಷ್ಠನನ್ನು ಆಶ್ರಯಿಸಬೇಕೆಂಬುದು ಕೌಟಿಲ್ಯನ ಮತ. ಷಾಡ್ಗುಣ್ಯದಲ್ಲಿ ಇದಕ್ಕೆ ಸಂಶ್ರಯವೆಂದು ಹೆಸರು. ಆದರೆ ಅರ್ಥಶಾಸ್ತ್ರದ ಅದೇ ಏಳನೆಯ ಅಧಿಕರಣದಲ್ಲಿ, ಹಲವರು ಕೂಡಿ ಕಾರ್ಯವನ್ನು ಸಾಧಿಸುವ ಸಾಮವಾಯಿಕರ ವಿಚಾರವೂ ಬಂದಿದೆ. ಎರಡನೆಯ ಮಹಾಯುದ್ಧದ ತರುವಾಯ ಸ್ವತಂತ್ರವಾದ ಏಷ್ಯಾ ಮತ್ತು ಆಫ್ರಿಕಾ ಖಂಡಗಳ ರಾಷ್ಟ್ರಗಳ ಮುಂದೆ ಇದ್ದುದು ಈ ಎರಡೇ ಮಾರ್ಗಗಳು: ಪ್ರಬಲರೊಬ್ಬರ ನೆರಳಿನಲ್ಲಿ ನಿಲ್ಲುವುದು, ಇಲ್ಲವೆ ತಮ್ಮಂಥವರೊಡನೆ ಕೂಡಿ ನಿಲ್ಲುವುದು. ಎರಡನೆಯ ಮಾರ್ಗದಿಂದ ಲೋಕದ ಆಡಳಿತವು ಎಷ್ಟರಮಟ್ಟಿಗೆ ಮಾರ್ಪಟ್ಟಿತೆಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಇತಿಹಾಸದ ಆದಿಯಲ್ಲಿಯೂ ಈಚಿನ ಪ್ರಕರಣದಲ್ಲಿಯೂ ಮಂಗಳೂರಿನವರೊಬ್ಬೊಬ್ಬರು ಪ್ರಮುಖರಾಗಿ ಕಾಣಿಸುವುದರಿಂದ, ಕನ್ನಡಿಗರಿಗೆ ಇದು ಹೊರಗಿನ ವಿಷಯವಲ್ಲ.

ಲೋಕವ್ಯವಸ್ಥೆಯ ಇಂದಿನ ಕಟ್ಟಡಕ್ಕೆ ಎರಡು ಕಂಬಗಳು. 1944ರಲ್ಲಿ ಬ್ರೆಟನ್ ವುಡ್ಸಿನಲ್ಲಿ 44 ರಾಷ್ಟ್ರಗಳು ಸೇರಿ ಅಂತರರಾಷ್ಟ್ರೀಯ ಹಣಕಾಸಿನ ನಿಧಿಯನ್ನೂ ವಿಶ್ವಬ್ಯಾಂಕನ್ನೂ ಕಲ್ಪಿಸಿದುವು. ಅಲ್ಲಿ ಮತವು ಮೂಲಧನದ ಪಾಲನ್ನು ಅನುಸರಿಸುವುದು. 1945ರಲ್ಲಿ ಸಂಯುಕ್ತ ರಾಷ್ಟ್ರಸಂಘದ ಸನ್ನದು ಸಿದ್ಧವಾಯಿತು. ಅದರ ಭದ್ರತಾ ಮಂಡಲಿಯಲ್ಲಿ ಐದು ಶಾಶ್ವತ ಸದಸ್ಯರಿಗೆ ನಿಷೇಧಾಧಿಕಾರವನ್ನು ಕೊಡಲಾಯಿತು. ಒಂದರಲ್ಲಿ ಧನಕ್ಕೂ ಇನ್ನೊಂದರಲ್ಲಿ ಯುದ್ಧಜಯಕ್ಕೂ ಮರ್ಯಾದೆ ದೊರೆಯಿತೇ ಹೊರತು, ಆ ಕಾಲದಲ್ಲಿ ಇನ್ನೂ ಪರಾಧೀನವಾಗಿದ್ದ ಜನಕೋಟಿಗೆ ಎರಡರಲ್ಲಿಯೂ ತಕ್ಕ ಸ್ಥಾನವಿರಲಿಲ್ಲ.

ಈ ಕಟ್ಟಡದೊಳಗೆ ನಿಂತು ಬಲಹೀನರನ್ನು ಒಂದುಗೂಡಿಸಿದವರಲ್ಲಿ ಮೊದಲಿಗರೆಂದು ಹೇಳಬೇಕಾದವರು ಬೆನೆಗಲ್ ನರಸಿಂಗರಾಯರು. ಇವರು 1887ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಸ್ಥಾಪಿಸಿದ ಕೆನರಾ ಹೈಸ್ಕೂಲಿನಲ್ಲಿ ಓದಿದರು. ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದು, ಬರ್ಮಾದೇಶದ ಸಂವಿಧಾನರಚನೆಯಲ್ಲಿಯೂ ನೆರವಾದರು. 1950 ಮತ್ತು 1951ನೆಯ ವರ್ಷಗಳಿಗೆ ಭಾರತವು ಭದ್ರತಾ ಮಂಡಲಿಗೆ ಚುನಾಯಿತವಾದಾಗ ಅದರ ಪ್ರತಿನಿಧಿಯಾಗಿ ಕುಳಿತವರು ಇವರೇ. 1950ನೆಯ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧವು ಹೊತ್ತಿಕೊಂಡಾಗ ಮಂಡಲಿಯ ಅಧ್ಯಕ್ಷಪದವಿಯು ಸರದಿಯಿಂದ ಇವರ ಪಾಲಿಗೆ ಬಂದಿತ್ತು.

ಆ ವರ್ಷದ ಕೊನೆಗೆ ಚೀನದ ಸೇನೆಗಳು ಕೊರಿಯಾವನ್ನು ಹೊಕ್ಕು ದಕ್ಷಿಣಕ್ಕೆ ನಡೆದುವು. ಯುದ್ಧವು ಲೋಕವ್ಯಾಪಿಯಾಗುವ ಭಯವು ತಲೆದೋರಿತು. ಆಗ ಸಂಘದಲ್ಲಿದ್ದ 60 ರಾಷ್ಟ್ರಗಳ ಪೈಕಿ 13, ಎಂದರೆ ಅಫ್ಘಾನಿಸ್ಥಾನ, ಬರ್ಮಾ, ಈಜಿಪ್ಟ್, ಭಾರತ, ಇಂಡೋನೇಷ್ಯಾ, ಇರಾನ್, ಇರಾಕ್, ಲೆಬನಾನ್, ಪಾಕಿಸ್ಥಾನ, ಫಿಲಿಪ್ಪೀನ್ಸ್, ಸೌದಿ ಅರೇಬಿಯ, ಸಿರಿಯಾ ಮತ್ತು ಯೆಮೆನ್, ಒಂದುಗೂಡಿ ಡಿಸೆಂಬರ್ 5ರಂದು 38ನೆಯ ಅಕ್ಷಾಂಶವನ್ನು ದಾಟಬಾರದೆಂದು ಚೀನವನ್ನೂ ಉತ್ತರ ಕೊರಿಯಾವನ್ನೂ ಕೇಳಿಕೊಂಡುವು. ಬಳಿಕ ಯುದ್ಧವಿರಾಮದ ಆಧಾರವನ್ನು ನಿಶ್ಚಯಿಸಲು ಮೂವರ ಸಮಿತಿಯೊಂದನ್ನು ನೇಮಿಸಬೇಕೆಂಬ ಇವರ ಗೊತ್ತುವಳಿಯನ್ನು ಮಹಾಸಭೆಯು ಡಿಸೆಂಬರ್ 14ರಂದು 52 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದ ಮತಗಳು 5. ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಇವರೊಡನೆ ನರಸಿಂಗರಾಯರು ಆ ಸಮಿತಿಯ ಸದಸ್ಯರಾದರು.

ಇಷ್ಟಾದರೂ ಕಾರ್ಯವು ಕೈಗೂಡಲಿಲ್ಲ. ಚೀನದ ಹೊಸ ಸರಕಾರಕ್ಕೆ ಸಂಘದಲ್ಲಿ ಸ್ಥಾನವಿರಲಿಲ್ಲ. ತಾನಿಲ್ಲದ ಸಭೆಯ ಗೊತ್ತುವಳಿಯನ್ನು ಅದು ಮಾನ್ಯಮಾಡಲಿಲ್ಲ. ಅಮೆರಿಕವಾದರೋ ಚೀನವನ್ನು ಆಕ್ರಮಣಕಾರಿಯೆಂದು ಘೋಷಿಸಲು ಆತುರಪಟ್ಟಿತು. 1951ನೆಯ ಫೆಬ್ರವರಿ 1ರಂದು ಮಹಾಸಭೆಯು 44 ಮತಗಳಿಂದ ಹಾಗೆಯೇ ಘೋಷಿಸಿತು. ವಿರುದ್ಧವಾಗಿ ಬಂದ 7 ಮತಗಳಲ್ಲಿ ಸೋವಿಯೆತ್ ಪಕ್ಷದವನ್ನು ಬಿಟ್ಟರೆ ಉಳಿದವು ಭಾರತ ಮತ್ತು ಬರ್ಮಾಗಳವು ಮಾತ್ರ. ಹದಿಮೂವರಲ್ಲಿ ಕೆಲವರು ತಟಸ್ಥರಾದರು; ಕೆಲವರು ಪ್ರಬಲರ ಕಡೆಗೆ ಮತವಿತ್ತರು. ಎಂಟು ವಾರಗಳ ಹಿಂದೆ ಒಂದೇ ಕಂಠದಿಂದ ಮಾತನಾಡಿದವರು ಮತದ ಗಳಿಗೆ ಬಂದಾಗ ಮೂರು ದಾರಿ ಹಿಡಿದರು.

ಇದಕ್ಕೆ ಕಾರಣವೇನು? ಆ ಕೂಟಕ್ಕೆ ಸದುದ್ದೇಶವಿತ್ತು, ಸಮರ್ಥನಾದ ವಕ್ತಾರನಿದ್ದನು. ಆದರೆ ಸ್ವಂತದ ನಿಯಮವಾಗಲಿ ನಿಧಿಯಾಗಲಿ ಇರಲಿಲ್ಲ. ಒಬ್ಬೊಬ್ಬ ಸದಸ್ಯನೂ ಸಾಲಕ್ಕೋ ಶಸ್ತ್ರಕ್ಕೋ ಪ್ರಬಲರನ್ನು ನೆಚ್ಚಿರುವಾಗ ಸಮವಾಯವು ಸಂಶ್ರಯಕ್ಕೆ ಜಾರುವುದು ಸಹಜವೇ ಸರಿ. ಆದರೂ ಬಿತ್ತಿದ ಬೀಜವು ಪೂರ್ತಿಯಾಗಿ ವ್ಯರ್ಥವಾಗಲಿಲ್ಲ. 1953ನೆಯ ಜುಲೈಯಲ್ಲಿ ಯುದ್ಧವಿರಾಮವಾದಾಗ, ಯುದ್ಧಕೈದಿಗಳ ತೊಡಕನ್ನು ಬಿಡಿಸಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತವೇ ಅಧ್ಯಕ್ಷನಾಯಿತು. ಆ ಪೀಠದಲ್ಲಿ ಕುಳಿತವರು ಕೊಡಗಿನ ತಿಮ್ಮಯ್ಯನವರು. ಇತ್ತ ನರಸಿಂಗರಾಯರು 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋಗಿ, 1953ನೆಯ ನವೆಂಬರ್ 30ರಂದು ತೀರಿಕೊಂಡರು.

ಎರಡನೆಯ ಘಟ್ಟದಲ್ಲಿ ಸಂಖ್ಯೆಯೇ ಬಲವಾಯಿತು. 1955ರಲ್ಲಿ ಬಾಂಡುಂಗಿನಲ್ಲಿ 29 ರಾಷ್ಟ್ರಗಳು ನೆರೆದುವು. 1960ನೆಯ ಒಂದೇ ವರ್ಷದಲ್ಲಿ ಆಫ್ರಿಕದ 16 ರಾಷ್ಟ್ರಗಳು ಸಂಘವನ್ನು ಸೇರಿದುವು. ಇದರ ಫಲವು 1963ನೆಯ ಡಿಸೆಂಬರ್ 17ರಂದು ಕಾಣಬಂದಿತು. ಭದ್ರತಾ ಮಂಡಲಿಯ ಸ್ಥಾನಗಳನ್ನು 11ರಿಂದ 15ಕ್ಕೆ ಹೆಚ್ಚಿಸುವ ಸನ್ನದಿನ ತಿದ್ದುಪಡಿಯು ಮಹಾಸಭೆಯಲ್ಲಿ 97 ಮತಗಳಿಂದ ಅಂಗೀಕೃತವಾಯಿತು. ಫ್ರಾನ್ಸ್ ಮತ್ತು ಸೋವಿಯೆತ್ ಒಕ್ಕೂಟಗಳು ವಿರೋಧಿಸಿದುವು. ಬ್ರಿಟನ್ ಮತ್ತು ಅಮೆರಿಕಗಳು ತಟಸ್ಥವಾಗಿ ಉಳಿದುವು. ಹಾಗಿದ್ದರೂ ಶಾಶ್ವತ ಸದಸ್ಯರೆಲ್ಲರೂ ಕೊನೆಗೆ ಒಪ್ಪಿಗೆಯಿತ್ತು, 1965ರಲ್ಲಿ ತಿದ್ದುಪಡಿಯು ಜಾರಿಗೆ ಬಂದಿತು. ಮಂಡಲಿಯ ರಚನೆಯು ಬದಲಾದುದು ಇಂದಿನವರೆಗೆ ಇದೊಂದೇ ಸಲ. ಆದರೆ ನಿಷೇಧಾಧಿಕಾರವನ್ನು ಯಾರೂ ಮುಟ್ಟಲಾಗಲಿಲ್ಲವೆಂಬುದನ್ನು ಮರೆಯಲಾಗದು. ಜಗಲಿಯು ವಿಸ್ತಾರವಾಯಿತು, ಒಳಮನೆಯ ಬೀಗದ ಕೈ ಹಿಂದಿನವರ ಬಳಿಯಲ್ಲಿಯೇ ಉಳಿಯಿತು.

ಧನದ ಮನೆಯ ಬೀಗವು ಇನ್ನೂ ಗಟ್ಟಿಯಾಗಿತ್ತು. 1964ರಲ್ಲಿ ಜಿನೀವಾದಲ್ಲಿ 77 ರಾಷ್ಟ್ರಗಳು ವ್ಯಾಪಾರದಲ್ಲಿ ನ್ಯಾಯವನ್ನು ಬೇಡಿ ಕೂಟ ಕಟ್ಟಿದುವು. ಆದರೆ ಹಣಕಾಸಿನ ನಿಧಿಯಲ್ಲಿ ಮಹತ್ತ್ವದ ತೀರ್ಮಾನಗಳಿಗೆ ನೂರಕ್ಕೆ 85 ಮತಗಳು ಬೇಕು; ಅಮೆರಿಕವೊಂದರ ಪಾಲೇ ನೂರಕ್ಕೆ 16ನ್ನು ಮೀರಿದೆ. ಆದುದರಿಂದ ಅಲ್ಲಿ ತಲೆಯೆಣಿಕೆಯು ನಡೆಯದು. 2010ರಲ್ಲಿ ಒಪ್ಪಿದ ಪಾಲುಗಳ ಸುಧಾರಣೆಯೊಂದು ಜಾರಿಗೆ ಬಂದುದು 2016ರಲ್ಲಿ. ಈ ವಿಳಂಬದ ನಡುವೆಯೇ ಬ್ರೆಜಿಲ್, ರಷ್ಯಾ, ಭಾರತ, ಚೀನ, ದಕ್ಷಿಣ ಆಫ್ರಿಕಗಳ ಬ್ರಿಕ್ಸ್ ಕೂಟವು 2014ನೆಯ ಜುಲೈಯಲ್ಲಿ ಬ್ರೆಜಿಲಿನ ಫೋರ್ಟಲೇಜಾ ನಗರದಲ್ಲಿ ತನ್ನದೇ ಬ್ಯಾಂಕಿನ ಒಪ್ಪಂದಕ್ಕೆ ಸಹಿಹಾಕಿತು. ಇದೇ ಶಾಂಘಾಯಿಯಲ್ಲಿರುವ ನವ ಅಭಿವೃದ್ಧಿ ಬ್ಯಾಂಕು. ಮೊದಲು ಹಂಚಿದ 5,000 ಕೋಟಿ ಡಾಲರು ಮೂಲಧನದಲ್ಲಿ ಐವರಿಗೂ ತಲಾ 1,000 ಕೋಟಿಯ ಸಮಾನ ಪಾಲು. ಸಂಸ್ಥಾಪಕರಲ್ಲಿ ಯಾವನೊಬ್ಬನಿಗೂ ನಿಷೇಧಾಧಿಕಾರವಿಲ್ಲ. 1951ರ ಕೂಟಕ್ಕೆ ಇಲ್ಲದಿದ್ದ ನಿಯಮವೂ ನಿಧಿಯೂ ಇದಕ್ಕೆ ಹುಟ್ಟಿನಿಂದಲೇ ಒದಗಿದುವು.

2015ರಿಂದ 2020ರವರೆಗೆ ಈ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿದ್ದವರು ಕುಂದಾಪುರ ವಾಮನ ಕಾಮತರು. ಹಂಪನಕಟ್ಟೆಗೂ ಕಂಕನಾಡಿಗೂ ನಡುವಣ ಫಳ್ನೀರಿಗೆ ದೂರವಲ್ಲದ ಬಾವುಟಗುಡ್ಡೆಯ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಲ್ಲಿಯೂ ಬಳಿಕ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಇವರ ವಿದ್ಯಾಭ್ಯಾಸವಾಯಿತು. 2016ನೆಯ ಏಪ್ರಿಲಿನಲ್ಲಿ ಬ್ಯಾಂಕು ಅನುಮೋದಿಸಿದ ಮೊಟ್ಟಮೊದಲ ಸಾಲಗಳಲ್ಲಿ ನವೀಕರಿಸಬಹುದಾದ ಶಕ್ತಿಯೋಜನೆಗಳಿಗಾಗಿ ಕೆನರಾ ಬ್ಯಾಂಕಿಗೆ ಗೊತ್ತುಮಾಡಿದ 25 ಕೋಟಿ ಡಾಲರು ಒಂದು. ಆ ಕೆನರಾ ಬ್ಯಾಂಕಾದರೋ, ನರಸಿಂಗರಾಯರು ಓದಿದ ಶಾಲೆಯನ್ನು ಕಟ್ಟಿದ ಸುಬ್ಬರಾವ್ ಪೈಗಳೇ 1906ರಲ್ಲಿ ಮಂಗಳೂರಿನಲ್ಲಿ ಒಂದು ಶಾಶ್ವತ ನಿಧಿಯಾಗಿ ಆರಂಭಿಸಿದ್ದು. ಇದು ಕಾಕತಾಳೀಯವೆಂದರೂ ಅರ್ಥವಿಲ್ಲದ್ದಲ್ಲ: ಹಲವರ ಧನವನ್ನು ಒಂದೆಡೆ ಕೂಡಿಸಿ, ನಿಯಮವಿಟ್ಟು ನಡೆಸಿದರೆ ಪರರ ಬಾಗಿಲಲ್ಲಿ ಕಾಯುವುದು ಕಡಿಮೆಯಾಗುವುದೆಂಬ ತತ್ತ್ವವು ಊರಿನ ನಿಧಿಗೂ ಲೋಕದ ಬ್ಯಾಂಕಿಗೂ ಒಂದೇ.

ಆದರೆ ಹೊಗಳಿಕೆಗೆ ಮಿತಿಯಿರಬೇಕು. ಹೊಸ ಸದಸ್ಯರು ಎಷ್ಟೇ ಬಂದರೂ ಸಂಸ್ಥಾಪಕರ ಮತಬಲವು ನೂರಕ್ಕೆ 55ಕ್ಕಿಂತ ಇಳಿಯಕೂಡದೆಂಬ ವಿಧಿಯು ಒಪ್ಪಂದದಲ್ಲಿಯೇ ಇದೆ. ಸಂಸ್ಥಾಪಕನಲ್ಲದ ಯಾವ ಸದಸ್ಯನೂ ನೂರಕ್ಕೆ 7ನ್ನು ಮೀರುವಂತಿಲ್ಲ. 2021ರಲ್ಲಿ ಸೇರಿದ ಬಾಂಗ್ಲಾದೇಶಕ್ಕೆ ಐವರ ಸಮಾನತೆಯು ದೊರೆಯದು. ಇದೇ ಕೂಟವು ಸಂಕಟಕಾಲಕ್ಕೆಂದು ಏರ್ಪಡಿಸಿದ 10,000 ಕೋಟಿ ಡಾಲರಿನ ಮೀಸಲು ವ್ಯವಸ್ಥೆಯಲ್ಲಿ, ಸದಸ್ಯನೊಬ್ಬನು ತನ್ನ ಪಾಲಿನ ಬಹುಭಾಗವನ್ನು ಪಡೆಯಬೇಕಾದರೆ ಹಣಕಾಸಿನ ನಿಧಿಯೊಡನೆ ಒಪ್ಪಂದವಿರಬೇಕು. ಉಕ್ರೇನ್ ಯುದ್ಧವು ಮೊದಲಾದ 2022ರಲ್ಲಿ ಬ್ಯಾಂಕು ಸಂಸ್ಥಾಪಕನೇ ಆದ ರಷ್ಯಾದಲ್ಲಿ ಹೊಸ ವ್ಯವಹಾರಗಳನ್ನು ನಿಲ್ಲಿಸಿತು. ಲೋಕದ ಪೇಟೆಗಳಿಂದಲೇ ಹಣವನ್ನೆತ್ತುವ ಬ್ಯಾಂಕಿಗೆ ಆ ಪೇಟೆಗಳ ವಿಶ್ವಾಸವನ್ನು ಕಳೆದುಕೊಳ್ಳುವುದು ಸಾಧ್ಯವಿರಲಿಲ್ಲ.

ಈ ಮೂರು ಘಟ್ಟಗಳನ್ನು ಹೋಲಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಮಾತಿನ ಐಕ್ಯವು ವಾರಗಳಲ್ಲಿ ಕರಗಿತು. ಸಂಖ್ಯೆಯ ಐಕ್ಯವು ಸನ್ನದನ್ನು ತಿದ್ದಿತು. ನಿಯಮ ಮತ್ತು ನಿಧಿಗಳ ಐಕ್ಯವು ಹಳೆಯ ಮನೆಯ ಪಕ್ಕದಲ್ಲಿ ಹೊಸದೊಂದನ್ನು ಕಟ್ಟಿತು. 2024 ಮತ್ತು 2025ರಲ್ಲಿ ಈಜಿಪ್ಟ್, ಇಥಿಯೋಪಿಯಾ, ಇರಾನ್, ಇಂಡೋನೇಷ್ಯಾ ಮೊದಲಾದ ರಾಷ್ಟ್ರಗಳು ಬ್ರಿಕ್ಸ್ ಕೂಟವನ್ನು ಸೇರಿರುವುದರಿಂದ ಸಂಖ್ಯೆಯು ಮತ್ತೆ ಬೆಳೆದಿದೆ. ಬೆಳೆದ ಕೂಟದೊಳಗೆ ಹಿರಿಯರು ಕಿರಿಯರಿಗೆ ಎಷ್ಟು ಮತವನ್ನು ಬಿಟ್ಟುಕೊಡುವರೆಂಬುದೇ ಇನ್ನು ಮುಂದಿನ ಪರೀಕ್ಷೆ. ಅದನ್ನು ಬಿಟ್ಟುಕೊಡದಿದ್ದರೆ, ಸಮವಾಯವೆಂಬ ಹೆಸರಿನಲ್ಲಿಯೇ ಹೊಸ ಸಂಶ್ರಯವೊಂದು ನೆಲೆಗೊಳ್ಳುವುದರಲ್ಲಿ ಸಂದೇಹವಿಲ್ಲ.